ಆ 7 ಲಕ್ಷ 37 ಸಾವಿರದ ಲೆಕ್ಕದಲ್ಲಿ ಆಸ್ಪತ್ರೆ ಬಿಲ್ಲೇ ಇಲ್ಲ

ಸಂಪಾದಕರಿಗೆ ನಮಸ್ಕಾರ,

ಹೋದ ಭಾನುವಾರ ನಿಮ್ಮ ಪುರವಣಿಯಲ್ಲಿ ಬ್ರೇಕಿಂಗ್ ಬ್ಯಾಡ್ ಸೀರಿಯಲ್ ಬಗ್ಗೆ ಒಂದು ಲೇಖನ ಬಂದಿತ್ತಲ್ಲ, ಅದನ್ನ ಓದಿ ಎರಡು ದಿನ ಸುಮ್ನಿದ್ದೆ, ಮೂರನೇ ದಿನ ತಡೀಲಿಲ್ಲ. ಬರೆದವರು ಚೆನ್ನಾಗೇ ಬರೆದಿದಾರೆ, ಅವರನ್ನ ಬೈಯೋಕೆ ಈ ಕಾಗದ ಅಲ್ಲ. ಆದ್ರೆ ಮೊದಲನೇ ಪ್ಯಾರಾದಲ್ಲೇ, ಕ್ಯಾನ್ಸರ್ ಚಿಕಿತ್ಸೆಗೆ ದುಡ್ಡಿಲ್ಲದೆ ಡ್ರಗ್ಸ್ ದಂಧೆಗೆ ಇಳಿದ ಬಡಪಾಯಿ ಮೇಷ್ಟ್ರ ಕಥೆ ಇದು ಅಂತ ಹಾಕಿಬಿಟ್ಟಿದಾರೆ. ಇದೇ ಮಾತನ್ನ ಎಷ್ಟು ಜನರ ಬಾಯಲ್ಲಿ ಕೇಳಿದೀನಿ ಅಂದ್ರೆ ನಮ್ಮನೆಯವರೂ ಸೇರಿ ಎಲ್ಲರೂ ಒಂದೇ ಪಾಠ ಬಾಯಿಪಾಠ ಮಾಡ್ಕೊಂಡಂಗೆ ಒಪ್ಪಿಸ್ತಾರೆ. ಅದು ತಪ್ಪು ಸ್ವಾಮಿ. ಅಭಿಪ್ರಾಯದ ಮಾತಲ್ಲ, ಲೆಕ್ಕದ ಮಾತು.

ನಾನು 31 ವರ್ಷ ಅಕೌಂಟ್ಸ್ ಸೆಕ್ಷನ್ನಲ್ಲಿ ಕೂತು ಬೇರೆಯವರ ವೋಚರ್ ನೋಡಿದವಳು. ಸಿನಿಮಾ ವಿಮರ್ಶೆ ಎಲ್ಲ ನನಗೆ ಬರಲ್ಲ, ಆ ಕ್ಯಾಮೆರಾ ಆಂಗಲ್ ಈ ಕಲರ್ರು ಅಂತ ಮಗ ಹೇಳ್ತಿದ್ರೆ ಹೂಂ ಅಂತೀನಿ ಅಷ್ಟೆ. ಆದ್ರೆ ಯಾರಾದ್ರೂ ಒಂದು ಮೊತ್ತ ಹೇಳಿದ್ರೆ ಅದನ್ನ ಇನ್ನೊಂದ್ಸಲ ಕೂಡಿ ನೋಡದೆ ನನಗೆ ನಿದ್ದೆ ಬರಲ್ಲ, ಮತ್ತೆ ಈ ಸೀರಿಯಲ್ ತುಂಬ ಮೊತ್ತಗಳೇ.

ಶುರುವಿಂದ ಬರ್ತೀನಿ. ಅಮೆರಿಕದ ನ್ಯೂ ಮೆಕ್ಸಿಕೊ ರಾಜ್ಯದ ಆಲ್ಬಕರ್ಕಿ ಊರು, ವಾಲ್ಟರ್ ವೈಟ್ ಅನ್ನೋ ಹೈಸ್ಕೂಲ್ ಕೆಮಿಸ್ಟ್ರಿ ಮೇಷ್ಟ್ರು, ಸಂಬಳ ಸಾಲದೆ ಸಂಜೆ ಕಾರು ತೊಳೆಯೋ ಕಡೆ ಕೆಲಸ. ಅವನ 50ನೇ ಹುಟ್ಟುಹಬ್ಬಕ್ಕೆ ಮನೆ ತುಂಬ ಜನ. ಹೆಂಡತಿಯ ತಂಗಿ ಗಂಡ ಹ್ಯಾಂಕ್ ಡ್ರಗ್ಸ್ ಹಿಡಿಯೋ ಇಲಾಖೆಯ ಆಫೀಸರ್ರು, ಅವತ್ತು ಅವನು ಮಾಡಿದ ದಾಳಿ ಟೀವೀಲಿ ಬರ್ತಿದೆ, ಎಲ್ಲರೂ ಟೀವಿ ಮುಂದೆ ನಿಂತಿದಾರೆ, ಮೇಜಿನ ಮೇಲೆ ನೋಟಿನ ಕಂತೆಗಳು. ಆಗ ಈ ಮೇಷ್ಟ್ರು ಹಿಂದಿಂದ ಮೆಲ್ಲಗೆ ಕೇಳ್ತಾನೆ, ಅದು ಎಷ್ಟು ದುಡ್ಡು ಅಂತ. ಹ್ಯಾಂಕು ಒಂದು ಏಳು ಲಕ್ಷ ಡಾಲರ್ ಇರಬಹುದು ಅಂತಾನೆ. ಅಷ್ಟೇ ಸೀನು, ಮುಗೀತು. ಇದು ಮೊದಲನೇ ಎಪಿಸೋಡ್. ಇದಾದ್ಮೇಲೇ ಅವನು ಕೆಲಸದ ಜಾಗದಲ್ಲಿ ಕುಸಿದು ಬೀಳೋದು, ಆಮೇಲೇ ಶ್ವಾಸಕೋಶದ ಕ್ಯಾನ್ಸರ್ ಅಂತ ಗೊತ್ತಾಗೋದು. ಅಂದ್ರೆ ದುಡ್ಡೆಷ್ಟು ಅಂತ ಕೇಳಿದ್ದು ಮೊದಲು, ಕಾಯಿಲೆ ಗೊತ್ತಾಗಿದ್ದು ಆಮೇಲೆ. ತಾರೀಕು ನೋಡದೆ ವೋಚರ್ ಪಾಸ್ ಮಾಡಬಾರದು ಅಂತ ನಮ್ಮ ಹಳೇ ಸೂಪರಿಂಟೆಂಡೆಂಟ್ ಒಬ್ರು ಹೇಳ್ತಿದ್ರು, ಅದು ನೆನಪಾಯ್ತು.

ಈಗ ಎರಡನೇ ಸೀಸನ್ ಮೊದಲ ಎಪಿಸೋಡಿಗೆ ಬನ್ನಿ. ಅದರ ಹೆಸರೇ ಏಳ್ನೂರ ಮೂವತ್ತೇಳು. ಹಳೇ ಗುಜರಿ ಕಾರುಗಳ ಅಂಗಳ. ಟೂಕೊ ಅನ್ನೋ ಡ್ರಗ್ಸ್ ವ್ಯಾಪಾರಿ ತನ್ನ ಕಡೆಯವನನ್ನೇ ಇವರ ಕಣ್ಣೆದುರು ಹೊಡೆದು ಕೆಡವಿ ಹೋಗಿದಾನೆ, ಮೇಷ್ಟ್ರ ಹಳೇ ಸ್ಟೂಡೆಂಟ್ ಮತ್ತೆ ಈಗಿನ ಪಾರ್ಟ್ನರ್ ಆದ ಜೆಸ್ಸಿ ನಡುಗ್ತಿದಾನೆ, ಈ ಮಹಾನುಭಾವ ನಿಂತಲ್ಲೇ ಬಾಯಲ್ಲಿ ಲೆಕ್ಕ ಕೂಡ್ತಿದಾನೆ. ಕಾಲೇಜು, ವರ್ಷಕ್ಕೆ 45 ಸಾವಿರ ಡಾಲರ್, ಎರಡು ಮಕ್ಕಳು, ನಾಲ್ಕು ವರ್ಷ, 3 ಲಕ್ಷ 60 ಸಾವಿರ. ಮನೆ ಸಾಲ 1 ಲಕ್ಷ 7 ಸಾವಿರ, ಮನೆ ಮೇಲೆ ತಗೊಂಡ ಇನ್ನೊಂದು ಸಾಲ 30 ಸಾವಿರ. ಮನೆ ಖರ್ಚು ತಿಂಗಳಿಗೆ ಎರಡು ಸಾವಿರ, ಹತ್ತು ವರ್ಷಕ್ಕೆ 2 ಲಕ್ಷ 40 ಸಾವಿರ. ಒಟ್ಟು 7 ಲಕ್ಷ 37 ಸಾವಿರ. ನಾನು ಅಲ್ಲೇ ಸೀನ್ ನಿಲ್ಲಿಸಿ ಪೇಪರ್ ತುದೀಲಿ ಕೂಡಿ ನೋಡ್ದೆ, ಸರಿ ಇದೆ, ಒಂದು ಡಾಲರ್ ವ್ಯತ್ಯಾಸ ಇಲ್ಲ, ಲೆಕ್ಕದಲ್ಲಿ ಮೇಷ್ಟ್ರು ಗಟ್ಟಿ. ಆದ್ರೆ ಆ ಪಟ್ಟೀನ ಇನ್ನೊಂದ್ಸಲ ಓದಿ. ಆಸ್ಪತ್ರೆ ಎಲ್ಲಿ? ಕೀಮೋ ಎಲ್ಲಿ? ಡಾಕ್ಟರ್ ಫೀಸು? ಒಂದು ಸಾಲೂ ಇಲ್ಲ. ಚಿಕಿತ್ಸೆಗೆ ದುಡ್ಡಿಲ್ಲದೆ ದಂಧೆಗಿಳಿದ ಅಂತ ಹೇಳೋರು ಅವನೇ ಬಾಯಿಬಿಟ್ಟು ಹೇಳಿದ ಪಟ್ಟಿಯಲ್ಲಿ ಚಿಕಿತ್ಸೆ ಅನ್ನೋ ಹೆಡ್ಡೇ ಇಲ್ಲ ಅನ್ನೋದನ್ನ ಯಾಕೆ ನೋಡಲ್ಲ?

ಯಾಕೆ ಇಲ್ಲ ಅಂದ್ರೆ ಅದಕ್ಕೆ ಒಂದು ಸೀಸನ್ ಹಿಂದಕ್ಕೆ ಹೋಗಬೇಕು. ಮೊದಲ ಸೀಸನ್, ಐದನೇ ಎಪಿಸೋಡ್. ವಾಲ್ಟರ್‌ನ ಹಳೇ ಸ್ನೇಹಿತ ಎಲಿಯಟ್ ಶ್ವಾರ್ಟ್ಸ್, ಅವನ ಹೆಂಡತಿ ಗ್ರೆಚೆನ್. ಒಂದು ಕಾಲದಲ್ಲಿ ವಾಲ್ಟರ್ರೂ ಎಲಿಯಟ್ಟೂ ಸೇರಿ ಶುರು ಮಾಡಿದ ಕಂಪನಿ ಗ್ರೇ ಮ್ಯಾಟರ್. ಶ್ವಾರ್ಟ್ಸ್ ಅಂದ್ರೆ ಜರ್ಮನ್ನಲ್ಲಿ ಕಪ್ಪು, ಇವನ ಹೆಸರು ವೈಟು ಅಂದ್ರೆ ಬಿಳಿ, ಎರಡೂ ಸೇರಿದ್ರೆ ಬೂದು, ಅದಕ್ಕೆ ಆ ಹೆಸರು. ಇವನು ತನ್ನ ಪಾಲನ್ನ ಐದೇ ಸಾವಿರ ಡಾಲರಿಗೆ ಕೊಟ್ಟು ಎದ್ದು ಬಂದವನು, ಆಮೇಲೆ ಆ ಕಂಪನಿ 216 ಕೋಟಿ ಡಾಲರಿಗೆ ಬೆಳೀತು, ಇವನು ವಾರಾ ವಾರಾ ಆ ರೇಟು ನೋಡ್ತಾ ಹೊಟ್ಟೆ ಉರ್ಕೋತಾ ಇದ್ದ ಅಂತ ತಾನೇ ಒಪ್ಕೋತಾನೆ. ಸರಿ, ಆ ಎಲಿಯಟ್ಟು ಕೆಲಸ ಕೊಡ್ತೀನಿ ಬಾ, ನಮ್ಮ ಇನ್ಶೂರೆನ್ಸ್ ಚೆನ್ನಾಗಿದೆ ಅಂತ ಕರೀತಾನೆ. ಗ್ರೆಚೆನ್ ಫೋನ್ ಮಾಡಿ ಚಿಕಿತ್ಸೆ ದುಡ್ಡು ನಾವು ಕೊಡ್ತೀವಿ ತಗೋ ಅಂತ ಕೇಳ್ಕೋತಾಳೆ. ಬೇಡ ಅಂತಾನೆ. ಬೇಡ ಅಂದು ಫೋನ್ ಇಟ್ಟು ಸೀದಾ ಜೆಸ್ಸಿ ಮನೆ ಬಾಗಿಲಿಗೆ ಹೋಗಿ ಅಡುಗೆ ಮಾಡೋಣ್ವಾ ಅಂತ ಕೇಳ್ತಾನೆ, ಅಡುಗೆ ಅಂದ್ರೆ ಗೊತ್ತಲ್ಲ, ಮೆತ್ ಅನ್ನೋ ಡ್ರಗ್ಸ್ ತಯಾರಿಸೋದು. ಮನೆಗೆ ಬಂದು ಹೆಂಡತಿ ಹತ್ರ ಮಾತ್ರ ಎಲಿಯಟ್ ದುಡ್ಡು ಕೊಡ್ತಿದಾನೆ ಅಂತ ಹಸೀ ಸುಳ್ಳು. ಆ ಹೆಣ್ಣುಮಗಳು ಪಾಪ ನಂಬ್ಕೊಂಡು ಗ್ರೆಚೆನ್‌ಗೆ ಥ್ಯಾಂಕ್ಸ್ ಹೇಳೋಕೆ ಹೋದಾಗ್ಲೇ ಬಣ್ಣ ಬಯಲಾಗೋದು.

ದುಡ್ಡು ಇರಲಿಲ್ಲ ಅನ್ನೋದಲ್ಲ, ಕೊಡೋರು ಇದ್ರು, ಇವನಿಗೆ ತಗೊಳ್ಳೋಕೆ ಆಗಲಿಲ್ಲ.

ಸ್ವಾಭಿಮಾನ ಅಮ್ಮಾ ಅದು ಅಂತ ಮಗ ಅಂದ. ಇರಬಹುದಪ್ಪ, ಇಲ್ಲ ಅನ್ನಲ್ಲ, ಕೈ ಒಡ್ಡೋದು ಯಾರಿಗೂ ಸುಲಭ ಅಲ್ಲ. ಅಮೆರಿಕದಲ್ಲಿ ಆಸ್ಪತ್ರೆ ಬಿಲ್ಲು ಮನೆ ಮುಳುಗಿಸುತ್ತೆ ಅನ್ನೋದೂ ನಿಜವೇ, ಅದೇ ಸೀರಿಯಲ್ನಲ್ಲಿ ಹ್ಯಾಂಕಿಗೆ ಗುಂಡು ಬಿದ್ದು ನಡೆಯೋಕಾಗದಾಗ ಸರ್ಕಾರಿ ಆಫೀಸರ್ ಆಗಿದ್ರೂ ಫಿಸಿಯೋಥೆರಪಿಗೆ ಇನ್ಶೂರೆನ್ಸ್ ಸಾಲಲ್ಲ. ಆದ್ರೆ ಸ್ವಾಭಿಮಾನಕ್ಕೆ ಒಂದು ಮಿತಿ ಇರುತ್ತಲ್ಲ, ಇವನ ಪಟ್ಟಿಗೂ ಒಂದು ಮಿತಿ ಇತ್ತಲ್ಲ, 7 ಲಕ್ಷ 37 ಸಾವಿರ. ಇನ್ನು ಹನ್ನೊಂದು ಡೀಲು, ಅಷ್ಟೇ ಸಾಕು ಅಂದವನು ಇವನೇ. ಮೂರನೇ ಸೀಸನ್ನಲ್ಲಿ ಕೋಳಿ ಹೋಟೆಲ್ ನಡೆಸ್ತಾ ಒಳಗೊಳಗೇ ಡ್ರಗ್ಸ್ ದಂಧೆ ಮಾಡೋ ಗಸ್ ಫ್ರಿಂಗ್ ಮೂರು ತಿಂಗಳ ಕೆಲಸಕ್ಕೆ 30 ಲಕ್ಷ ಡಾಲರ್ ಕೊಡ್ತೀನಿ ಅಂತಾನೆ. ಪಟ್ಟಿಯ ನಾಲ್ಕು ಪಟ್ಟು. ಕುಟುಂಬಕ್ಕೋಸ್ಕರ ಮಾಡಿದ್ದೇ ಆಗಿದ್ರೆ ಆ ಮೂರು ತಿಂಗಳು ಮುಗಿದ ದಿನ ಪುಸ್ತಕ ಕ್ಲೋಸ್ ಆಗಬೇಕಿತ್ತು. ಕೊನೆಗೆ ಎಷ್ಟಾಯ್ತು ಗೊತ್ತಾ, 8 ಕೋಟಿ ಡಾಲರ್, ಏಳು ಡ್ರಮ್ಮಲ್ಲಿ ತುಂಬಿ ಮರಳುಗಾಡಲ್ಲಿ ಹೂತಿಟ್ಟ. ಬೇಕು ಅಂದಿದ್ದರ ನೂರೆಂಟು ಪಟ್ಟು. ನಾನೇ ಕ್ಯಾಲ್ಕುಲೇಟರಲ್ಲಿ ಒತ್ತಿ ನೋಡಿದೀನಿ, 108 ಚಿಲ್ಲರೆ, ಅಷ್ಟೋತ್ತರ ಅರ್ಚನೆ ಮಾಡಿದಂಗೆ.

ಈಗ ನನ್ನ ನಿಜವಾದ ಸಿಟ್ಟಿಗೆ ಬರ್ತೀನಿ. ನಿಮ್ಮ ಲೇಖಕರು ಹೆಂಡತಿ ಸ್ಕೈಲರ್ ಬಗ್ಗೆ ಒಂದೇ ಒಂದು ಸಾಲು ಬರೆದಿದಾರೆ, ಕಿರಿಕಿರಿ ಹೆಂಡತಿ ಅಂತ. ನಮ್ಮನೇಲೂ ಇದೇ ಕಥೆ. ನಮ್ಮೆಜಮಾನ್ರು ಪ್ರತಿ ಎಪಿಸೋಡಿಗೂ, ಪಾಪ ಕಣೇ ಅವನು ಎಷ್ಟು ಕಷ್ಟ ಪಡ್ತಿದಾನೆ, ಇವಳು ಯಾಕೆ ಹಿಂಗಾಡ್ತಾಳೆ ಅನ್ನೋರು. ಹಿಂಗಾಡ್ತಾಳೆ ಅಂದ್ರೆ ಏನ್ರೀ ಮಾಡಿದ್ಲು, ತುಂಬಿದ ಬಸುರಿ, ಗಂಡ ರಾತ್ರಿ ಮನೇಲಿಲ್ಲ, ಎರಡನೇ ಫೋನ್ ಇದೆ ಇಲ್ಲ ಅಂತಾನೆ, ಬತ್ತಲೆ ಸೂಪರ್ ಮಾರ್ಕೆಟ್ಟಲ್ಲಿ ಸಿಕ್ಕಿದಾನೆ, ಎಲ್ಲಿದ್ದೆ ಅಂತ ಕೇಳಿದ್ಲು. ಅಷ್ಟು ಕೇಳಿದ್ದಕ್ಕೆ ಕಿರಿಕಿರಿ. ಮನುಷ್ಯರನ್ನ ಆಸಿಡ್ಡಲ್ಲಿ ಕರಗಿಸಿದವನು ಪಾಪ, ಎಲ್ಲಿಗೆ ಹೋಗಿದ್ದೆ ಅಂದವಳು ಮಾರಿ.

ಮತ್ತೆ ಅವಳ ಕಸುಬು ಏನು? ಅಕೌಂಟ್ಸ್ ಬರೆಯೋದು! ಇದನ್ನ ಯಾರೂ ಗಮನಿಸೋದೇ ಇಲ್ಲ, ನನಗೆ ಮಾತ್ರ ಅವಳು ಆ ಹಳೇ ಆಫೀಸಿಗೆ ವಾಪಸ್ ಹೋಗಿ ಲೆಡ್ಜರ್ ತೆಗೆದಾಗ ನಮ್ಮೋಳೇ ಅನ್ನಿಸ್ತು. ಮಾಲೀಕ ಟೆಡ್ಡು ಆದಾಯ ಕಮ್ಮಿ ತೋರಿಸಿ ಟ್ಯಾಕ್ಸ್ ತಪ್ಪಿಸ್ತಿದಾನೆ ಅಂತ ಪುಸ್ತಕ ನೋಡಿ ಹಿಡಿದವಳು ಅವಳು. ಗಂಡನ ದುಡ್ಡನ್ನ ಬಿಳಿ ಮಾಡೋಕೆ ವಕೀಲ ಸಾಲ್ ಗುಡ್‌ಮನ್ ಮಕ್ಕಳು ಆಟ ಆಡೋ ಲೇಸರ್ ಗನ್ ಅಂಗಡಿ ತಗೊಳ್ಳಿ ಅಂತ ಹೇಳಿದಾಗ, ಇಲ್ಲ, ಗಂಡ ಮೊದಲು ಕೆಲಸ ಮಾಡಿದ ಕಾರ್ ವಾಶೇ ಸರಿ, ಯಾರಾದ್ರೂ ಕೇಳಿದ್ರೆ ನಂಬೋಂಗಿರುತ್ತೆ ಅಂದವಳು ಅವಳು. ಎದುರುಗಡೆ ಕಾರಲ್ಲಿ ಮಗೂನ ಇಟ್ಕೊಂಡು ಕೂತು, ಬಂದು ಹೋಗೋ ಗಿರಾಕಿಗಳನ್ನ ಒಂದೊಂದಾಗಿ ಎಣಿಸಿ, ಆ ಜಾಗಕ್ಕೆ ಎಷ್ಟು ಬೆಲೆ ಅಂತ ಕಟ್ಟಿದ್ಲು. ಆಮೇಲೆ 8 ಲಕ್ಷ ಡಾಲರಿಗೆ ಚೌಕಾಸಿ ಮಾಡಿ ತಗೊಂಡ್ಲು. ದುಡ್ಡು ಎಲ್ಲಿಂದ ಬಂತು ಅಂತ ತಂಗಿಗೆ ಹೇಳೋಕೆ ಗಂಡ ಇಸ್ಪೀಟ್ ಜೂಜಲ್ಲಿ ಗೆದ್ದ ಅಂತ ಕಥೆ ಕಟ್ಟಿ, ಯಾರು ಯಾವ ಮಾತು ಯಾವಾಗ ಆಡಬೇಕು ಅಂತ ನಾಟಕದ ಥರ ಬರ್ಕೊಂಡು ಗಂಡನ್ನ ಕೂರಿಸಿ ಪ್ರಾಕ್ಟೀಸ್ ಮಾಡಿಸ್ತಾಳೆ. ಆ ಸೀನಲ್ಲಿ ನಾನು ನಕ್ಕೂ ನಕ್ಕೂ ಸುಸ್ತಾದೆ, ಆಡಿಟ್ ಹಿಂದಿನ ದಿನ ನಮ್ಮ ಸೆಕ್ಷನ್ ಇರ್ತಿದ್ದದ್ದೇ ಹಾಗೆ.

ತಪ್ಪು ಮಾಡಿಲ್ಲ ಅಂತಲ್ಲ. ಮಾಡಿದಾಳೆ, ದೊಡ್ಡ ದೊಡ್ಡ ತಪ್ಪೇ ಮಾಡಿದಾಳೆ. ಆ ಟೆಡ್ಡಿಗೆ ಟ್ಯಾಕ್ಸ್ ಕಟ್ಟೋಕೆ ಅಂತ ಆರು ಲಕ್ಷಕ್ಕೂ ಮೇಲೆ ಕಳಿಸಿದ್ಲು, ಗಂಡನಿಗೂ ಹೇಳದೆ. ಕೊನೇ ಕೊನೇಲಿ ಜೆಸ್ಸಿಯನ್ನ ಮುಗಿಸೋದೇ ವಾಸಿ ಅನ್ನೋ ಮಾತೂ ಅವಳ ಬಾಯಲ್ಲಿ ಬಂತು, ಆಗ ನನಗೂ ಎದೆ ಝಲ್ ಅಂತು, ಇವಳೂ ಹೋದ್ಲಲ್ಲಪ್ಪ ಅಂತ. ಸಾಧ್ವಿ ಅಂತ ಸರ್ಟಿಫಿಕೇಟ್ ಕೊಡ್ತಿಲ್ಲ ನಾನು. ಅವಳನ್ನ ಬೈಯೋಕೆ ಬೇಕಾದಷ್ಟಿದೆ, ಆದ್ರೆ ಬೈಯೋರು ಬೈಯೋದು ಅದಕ್ಕಲ್ಲ, ಗಂಡನ ಮಜಾಕ್ಕೆ ಅಡ್ಡ ಬಂದ್ಲು ಅನ್ನೋದಕ್ಕೆ.

ಒಂದು ಸೀನ್ ಹೇಳಲೇಬೇಕು. ಐದನೇ ಸೀಸನ್. ಅವಳು ಗಂಡನ್ನ ಬಾಡಿಗೆ ಗೋಡೌನಿಗೆ ಕರ್ಕೊಂಡು ಹೋಗ್ತಾಳೆ. ಷಟರ್ ಎತ್ತಿ ಒಳಗೆ ಹೋಗಿ, ನೆಲದ ಮೇಲೆ ಹೊದಿಸಿದ್ದ ಬಟ್ಟೆ ತೆಗೀತಾಳೆ. ಮಂಚದಷ್ಟು ಅಗಲ ನೋಟಿನ ರಾಶಿ. ಗಂಡ ಇದೆಷ್ಟು ಅಂತ ಕೇಳ್ತಾನೆ. ನೋಡಿ, ಮೊದಲ ಎಪಿಸೋಡಲ್ಲಿ ಟೀವಿ ಮುಂದೆ ಕೇಳಿದ ಅದೇ ಪ್ರಶ್ನೆ! ಅವಳು ಗೊತ್ತಿಲ್ಲ ಅಂತಾಳೆ. ಎಣಿಸೋಕೆ ಆಗದೆ ಬಿಟ್ಟಿದಾಳೆ, ತೂಕ ಹಾಕಿ ಲೆಕ್ಕ ಹಾಕೋಣ ಅಂದ್ರೆ ಬೇರೆ ಬೇರೆ ಬೆಲೆ ನೋಟು ಕಲೆತುಹೋಗಿದೆ, ಸುಮ್ನೆ ಜೋಡಿಸಿಟ್ಟು ಕಾಗದ ತಿನ್ನೋ ಹುಳ ಬರದಂಗೆ ಔಷಧಿ ಹೊಡೆದಿದಾಳೆ. ಎಷ್ಟು ಕಾರು ತೊಳೆದ್ರೆ ಇದು ಬಿಳಿ ಆಗುತ್ತೆ, ಹತ್ತು ಜನ್ಮಕ್ಕೂ ಖರ್ಚಾಗಲ್ಲ, ಎಷ್ಟಾದ್ರೆ ನಿನಗೆ ಸಾಕು ಅಂತ ಕೇಳ್ತಾಳೆ. ಲೆಕ್ಕ ಬರೆಯೋಳ ಬಾಯಲ್ಲಿ ಮೊತ್ತ ಗೊತ್ತಿಲ್ಲ ಅನ್ನೋ ಮಾತು ಬರಬೇಕು ಅಂದ್ರೆ ಅವಳ ಹೊಟ್ಟೆಯೊಳಗೆ ಏನಾಗಿರಬೇಕು, ಅದು ಲೆಕ್ಕ ಬರೆದವರಿಗೇ ಗೊತ್ತು. 62 ಎಪಿಸೋಡಲ್ಲಿ ಗುಂಡು ಬಾಂಬು ಎಲ್ಲ ನೋಡಿದೀನಿ, ನನಗೆ ಮೈ ಜುಮ್ ಅಂದಿದ್ದು ಅಲ್ಲಿ.

ಆ ಪಾತ್ರ ಮಾಡಿದ ಅನ್ನಾ ಗನ್‌ಗೆ 2013ರಲ್ಲೂ 2014ರಲ್ಲೂ ಅಮೆರಿಕದ ಟೀವಿಯವರ ದೊಡ್ಡ ಪ್ರಶಸ್ತಿ ಎಮ್ಮಿ ಬಂತು. ಆದ್ರೆ ಅದೇ 2013ರ ಆಗಸ್ಟಲ್ಲಿ ಆಯಮ್ಮ ನ್ಯೂಯಾರ್ಕ್ ಟೈಮ್ಸ್ ಪೇಪರಿಗೆ ಒಂದು ಲೇಖನ ಬರೀಬೇಕಾಯ್ತು, ಸ್ಕೈಲರ್ ಅನ್ನೋ ಪಾತ್ರದ ಮೇಲಿನ ದ್ವೇಷ ತನ್ನ ಮೇಲೇ ತಿರುಗಿದೆ, ಎಲ್ಲಿ ಸಿಗ್ತಾಳೆ ಹೇಳಿ ಕೊಲ್ತೀನಿ ಅಂತ ಬರೆಯೋರೂ ಇದಾರೆ ಅಂತ. ವಾಲ್ಟರ್ ಪಾತ್ರ ಮಾಡಿದ ಬ್ರಯಾನ್ ಕ್ರಾನ್ಸ್‌ಟನ್‌ಗೆ ನಾಲ್ಕು ಎಮ್ಮಿ, ಅವರ ನಟನೆಗೆ ಕೈ ಮುಗೀಬೇಕು, ಬಂದಿದ್ದು ಸರಿಯೇ. ಆ ಪಾತ್ರಕ್ಕೂ ಜೆಸ್ಸಿ ಪಾತ್ರಕ್ಕೂ 2022ರಲ್ಲಿ ಆಲ್ಬಕರ್ಕಿಯಲ್ಲಿ ಕಂಚಿನ ಪ್ರತಿಮೆ ನಿಲ್ಲಿಸಿದಾರೆ. ಹೆಂಡತಿಗೆ ಪ್ರತಿಮೆ ಇಲ್ಲ, ಅವಳಿಗೆ ಬೈಗುಳ.

ಅಂದ ಹಾಗೆ ಇಂಥ ಸೀರಿಯಲ್ ನೋಡಿ ಹುಡುಗರು ಡ್ರಗ್ಸ್ ಮಾಡೋದು ಕಲೀತಾರೆ, ಬ್ಯಾನ್ ಮಾಡಬೇಕು ಅಂತ ಲೇಖನದ ಕೊನೇಲಿ ಇತ್ತು. ಆ ಭಯ ಬೇಡ. ತೆಗೆದವರು ಅಲ್ಲಿನ ಡ್ರಗ್ಸ್ ಇಲಾಖೆಯವರನ್ನೂ ಡೊನ್ನಾ ನೆಲ್ಸನ್ ಅನ್ನೋ ಕೆಮಿಸ್ಟ್ರಿ ಪ್ರೊಫೆಸರನ್ನೂ ಕೇಳ್ಕೊಂಡು, ನೋಡಿ ಮಾಡೋಕೆ ಆಗದಂಗೆ ಬೇಕಂತಲೇ ಅರ್ಧಂಬರ್ಧ ತೋರಿಸಿದಾರೆ. ಮೆತ್ ಅಂತ ತೋರಿಸೋ ಆ ಫೇಮಸ್ ನೀಲಿ ಹರಳು ಇದೆಯಲ್ಲ, ಅದು ಕಲ್ಲುಸಕ್ಕರೆ. ಮತ್ತೆ ಎರಡನೇ ಸೀಸನ್ನಲ್ಲಿ ಜೆಸ್ಸಿ ಒಂದು ಮನೆಗೆ ಹೋಗ್ತಾನೆ, ಗಂಡ ಹೆಂಡತಿ ಇಬ್ರೂ ಮೆತ್ ಸೇದೋರು, ಮನೆ ಅಂದ್ರೆ ತಿಪ್ಪೆ, ಒಳಗೊಂದು ಪುಟ್ಟ ಹುಡುಗ, ಮೈ ತುಂಬ ಕೊಳೆ, ಮಾತಿಲ್ಲ, ಟೀವಿ ಮುಂದೆ ಕೂತಿದಾನೆ. ವಸೂಲಿಗೆ ಗನ್ ಇಟ್ಕೊಂಡು ಹೋದ ಜೆಸ್ಸಿ ಆ ಮಗು ಮುಂದೆ ಮುಖ ಮುಚ್ಚಿ ತೆಗೆದು ಆಟ ಆಡಿಸ್ತಾನೆ. ಅಪ್ಪನ್ನ ಅವರು ಕದ್ದು ತಂದ ಎಟಿಎಂ ಮಿಷನ್ನೇ ಜಜ್ಜಿ ಹಾಕುತ್ತೆ, ಮಿಷನ್ನ ಅವನ ಮೇಲೆ ಬೀಳಿಸಿದ್ದು ಹೆಂಡತಿಯೇ. ಆ ಎಪಿಸೋಡ್ ನೋಡಿ ಯಾರಿಗಾದ್ರೂ ಡ್ರಗ್ಸ್ ಆಸೆ ಬಂದ್ರೆ ಅವರಿಗೆ ಸೀರಿಯಲ್ ಬ್ಯಾನ್ ಮಾಡಿ ಪ್ರಯೋಜನ ಇಲ್ಲ.

ಮೇಷ್ಟ್ರು ಮಾತ್ರ ಆ ಮನೆ ಒಳಗೆ ಒಂದು ದಿನ ಕಾಲಿಡಲಿಲ್ಲ, ಅದು ಅವರ ಲೆಕ್ಕಕ್ಕೆ ಬರಲ್ಲ. ಜೆಸ್ಸಿಯ ಗೆಳತಿ ಜೇನ್ ಉಸಿರುಗಟ್ಟಿ ಸಾಯೋವಾಗ ಪಕ್ಕದಲ್ಲೇ ನಿಂತು ನೋಡಿದ, ಮಗಳ ದುಃಖದಲ್ಲಿದ್ದ ಅವಳಪ್ಪ ವಿಮಾನಗಳಿಗೆ ದಾರಿ ಹೇಳೋ ಕೆಲಸದಲ್ಲಿ ತಪ್ಪಿ ಎರಡು ವಿಮಾನ ಡಿಕ್ಕಿ ಆಗಿ 167 ಜನ ಸತ್ರು. ಆಗ ಶಾಲೆಯಲ್ಲಿ ಅಳ್ತಾ ಕೂತ ಮಕ್ಕಳ ಮುಂದೆ ಮೈಕ್ ಹಿಡಿದು ಇವನು ಹೇಳಿದ್ದೇನು ಅಂದ್ರೆ, ಇದು ಪ್ರಪಂಚದ ವಿಮಾನ ದುರಂತಗಳಲ್ಲಿ ಬರೀ ಐವತ್ತನೇ ಸ್ಥಾನ ಅಂತ.

ಸೀರಿಯಲ್ ಕಟ್ಟಿದ ವಿನ್ಸ್ ಗಿಲ್ಲಿಗನ್‌ಗೆ ಇದೆಲ್ಲ ಗೊತ್ತಿಲ್ಲದೆ ಬರೆದಿಲ್ಲ. 2008ರ ಜನವರಿಯಲ್ಲಿ ಶುರುವಾಗಿದ್ದು 2013ರ ಸೆಪ್ಟೆಂಬರಲ್ಲಿ ಮುಗೀತು, ಆ ಕೊನೇ ಎಪಿಸೋಡ್ ನೋಡಿ. ಎಂಟು ಕೋಟಿಯಲ್ಲಿ ಆರು ಡ್ರಮ್ಮು ಬೇರೆ ಗ್ಯಾಂಗ್ ಹೊಡ್ಕೊಂಡು ಹೋಗಿದೆ, ಒಂದು ಉಳಿದಿದೆ. ಮಗ ಫೋನಲ್ಲಿ ನಿನ್ನ ದುಡ್ಡು ಬೇಡ ಅಂತ ಕಿರುಚಿ ಇಟ್ಟಿದಾನೆ. ಆಗ ಇವನು 97 ಲಕ್ಷ 20 ಸಾವಿರ ಡಾಲರ್ ತಗೊಂಡು ಹೋಗಿ ಯಾರ ಮನೆ ಮೇಜಿನ ಮೇಲೆ ಸುರಿದ? ಅದೇ ಎಲಿಯಟ್ಟು, ಅದೇ ಗ್ರೆಚೆನ್ನು. ನನ್ನ ಮಗನಿಗೆ 18 ತುಂಬಿದಾಗ ನಿಮ್ಮ ದಾನ ಅಂತ ಹೇಳಿ ಕೊಡಿ ಅಂತ ಹೆದರಿಸಿ ಬರ್ತಾನೆ. ಐದನೇ ಎಪಿಸೋಡಲ್ಲಿ ಅವರು ಪ್ರೀತಿಯಿಂದ ಕೊಡ್ತೀವಿ ಅಂದಾಗ ಬೇಡ ಅಂದಿದ್ದು ಅವರ ದಾನ ಅಂತ ತಾನೇ? ಕೊನೆಗೂ ಮನೆಗೆ ಹೋಗೋ ದುಡ್ಡು ಅವರ ಹೆಸರಲ್ಲೇ, ದಾನ ಅಂತಲೇ. ಯಾವ ಎಂಟ್ರಿ ಬೇಡ ಅಂತ ಎರಡು ವರ್ಷ ಇಷ್ಟು ಹೆಣ ಬೀಳಿಸಿದ್ನೋ ಅದೇ ಎಂಟ್ರಿನ ತಾನೇ ಕೈಯಾರೆ ಬರೆದು ಬಂದ.

ಆಮೇಲೆ ಹೆಂಡತಿಯ ಅಡುಗೆಮನೆಗೆ ಬರ್ತಾನೆ. ಏನೋ ಹೇಳೋಕೆ ಶುರು ಮಾಡ್ತಾನೆ, ಅವಳು ಮಧ್ಯದಲ್ಲೇ ತಡೀತಾಳೆ, ಕುಟುಂಬಕ್ಕೋಸ್ಕರ ಅನ್ನೋ ಮಾತು ಇನ್ನೊಂದ್ಸಲ ಕೇಳೋ ಶಕ್ತಿ ನನಗಿಲ್ಲ ಅನ್ನೋ ಥರ. ಆಗ ಅವನೇ ಒಪ್ಕೋತಾನೆ, ಮಾಡಿದ್ದು ನನಗೋಸ್ಕರ, ನನಗೆ ಅದು ಇಷ್ಟ ಆಗಿತ್ತು, ಚೆನ್ನಾಗಿ ಬರ್ತಿತ್ತು ಅಂತ. ಅವಳ ಮುಖ ನೋಡಬೇಕು ಆವಾಗ. ಅಷ್ಟು ವರ್ಷ ತಾಳೆ ಆಗದೇ ಇದ್ದ ಪುಸ್ತಕ ತಾಳೆ ಆದಾಗ ನಮ್ಮ ಮುಖವೂ ಹಾಗೇ ಆಗುತ್ತೆ, ಖುಷಿ ಅಂತ ಅಲ್ಲ. ನಮ್ಮೆಜಮಾನ್ರು ಅವತ್ತು ಏನೂ ಮಾತಾಡಲಿಲ್ಲ, ಎದ್ದು ಹೋಗಿ ಮಲಗಿದ್ರು.

ಅವನೇ ಒಪ್ಕೊಂಡ್ಮೇಲೂ ನಿಮ್ಮ ಪೇಪರ್ ಯಾಕೆ ಅವನ ಪರ ವಾದ ಮಾಡಬೇಕು? ದೊಡ್ಡದಾಗಿ ಏನೂ ಹಾಕಬೇಡಿ, ಒಳಗಿನ ಪುಟದಲ್ಲಿ ತಿದ್ದುಪಡಿ ಅಂತ ಒಂದು ಚಿಕ್ಕ ಬಾಕ್ಸ್ ಹಾಕ್ತೀರಲ್ಲ, ಅಲ್ಲಿ ಎರಡು ಸಾಲು ಸಾಕು. ವಾಲ್ಟರ್ ವೈಟ್‌ಗೆ ಚಿಕಿತ್ಸೆಗೆ ದುಡ್ಡು ಸಿಕ್ಕಿತ್ತು, ಅವನು ಬೇಡ ಅಂದ, ಮೊದಲ ಸೀಸನ್, ಐದನೇ ಎಪಿಸೋಡ್. ಜಾಗ ಉಳಿದ್ರೆ ಸ್ಕೈಲರ್ ವೈಟ್ ಅಕೌಂಟ್ಸ್ ಬರೀತಿದ್ಲು ಅಂತಾನೂ ಸೇರಿಸಿ.

ಇಂತಿ,
ನಿಮ್ಮ ಹಳೇ ಓದುಗಳು, ನಿವೃತ್ತ ಅಕೌಂಟೆಂಟ್